ಚೀಲ ಕಾಯುವವನ ಪ್ರವಾಸ

ಪ್ರವಾಸ ಕಥನವೆಂದರೆ ಕಾಶಿ ರಾಮೇಶ್ವರಗಳಿಗೆ ಹೋಗಿ ಬಂದವರು, ಇಲ್ಲವೆ ವಿಮಾನವೇರಿ ಸಮುದ್ರ ದಾಟಿದವರು ಬರೆಯತಕ್ಕದ್ದೆಂದು ನಾನೂ ಈವರೆಗೆ ತಿಳಿದಿದ್ದೆನು. ನಾನು ಹೋದದ್ದು ಡೊಂಬಿವಲಿಯಿಂದ ಖೋಪೋಲಿಯವರೆಗೆ. ಬೆಳಿಗ್ಗೆ ಅವಲಕ್ಕಿ ತಿಂದು ಹೊರಟವನು ರಾತ್ರಿಯ ಊಟಕ್ಕೆ ಮನೆಗೆ ಮರಳಿದೆನು. ಇದನ್ನು ಪ್ರವಾಸವೆಂದು ಕರೆದರೆ ನಮ್ಮ ಸಂಘದ ಹಿರಿಯರು ನಕ್ಕಾರು. ಆದರೂ ಆ ಒಂದು ದಿನ ನಾನು ಕಂಡ ಜನ, ಕೇಳಿದ ಮಾತು, ಅವುಗಳ ನಡುವೆ ಮೇಲೆದ್ದು ಬಂದ ಒಂದು ಹಳೆಯ ಸಂಗತಿ, ಇವನ್ನು ಓದುಗರ ಮುಂದಿಡಬೇಕೆನಿಸಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಮ್ಮ ಚಿರಂಜೀವಿಗೆ ಈಗ ಹನ್ನೆರಡು ವರ್ಷ. ಮಾತು ಕಡಿಮೆ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ಅದೂ ಹೌದು, ಇಲ್ಲ, ಆಮೇಲೆ ಎಂಬ ಮೂರು ಉತ್ತರಗಳು. ಪರ ಊರಿನಲ್ಲಿ ಸಂಸಾರ ಹೂಡಿದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವನ ಬಳಿ ಒಂದು ನೋಟುಬುಕ್ಕಿದೆ. ಅದರ ತುಂಬ ರೋಲರ್ ಕೋಸ್ಟರುಗಳ ಚಿತ್ರ. ಯಾವ ದೇಶದ್ದು, ಎಷ್ಟು ಎತ್ತರ, ಎಷ್ಟು ವೇಗ, ಎಷ್ಟು ಸಲ ತಲೆಕೆಳಗಾಗುತ್ತದೆ ಎಂಬ ಲೆಕ್ಕ. ನಮ್ಮ ಕಚೇರಿಯ ರಜಿಸ್ಟರುಗಳೂ ಅಷ್ಟು ನೀಟಾಗಿಲ್ಲವೆಂದು ನಾನು ಪ್ರಾಮಾಣಿಕವಾಗಿ ಹೇಳಬಲ್ಲೆ.

ಎರಡು ವರ್ಷಗಳ ಹಿಂದೆ ಶಾಲೆಯವರು ಮಕ್ಕಳನ್ನು ಖೋಪೋಲಿಯ ಬಳಿಯಿರುವ ಇಮ್ಯಾಜಿಕಾ ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ‘ನೈಟ್ರೋ’ ಎಂಬ ದೊಡ್ಡ ಕೋಸ್ಟರಿನ ಬಾಗಿಲಲ್ಲಿ ಅಳತೆಯ ಕೋಲಿಗೆ ನಿಲ್ಲಿಸಿ, ಎತ್ತರ ಸಾಲದೆಂದು ನಮ್ಮವನನ್ನು ತಿರುಗಿ ಕಳಿಸಿದರು. ಮನೆಗೆ ಬಂದವನು ಅಳಲಿಲ್ಲ. ಅಡಿಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತು, ತಲೆಯ ಮೇಲೆ ಸ್ಕೇಲು ಇಟ್ಟು ಪೆನ್ಸಿಲಿನಿಂದ ಗೆರೆ ಎಳೆದನು. ಅಂದಿನಿಂದ ಪ್ರತಿ ತಿಂಗಳ ಒಂದನೆಯ ತಾರೀಖು ಒಂದು ಗೆರೆ. ನನ್ನ ಸಂಬಳದ ದಿನ ನೆನಪಿಡಲು ಮನೆಯಾಕೆಗೆ ಅದೇ ಪಂಚಾಂಗವಾಯಿತು.

ಗಣೇಶ ಚತುರ್ಥಿಗೆ ನಮ್ಮ ಮನೆಗೆ ಆರತಿಗೆ ಬಂದಿದ್ದ, ನಮ್ಮ ಕಚೇರಿಯ ಆವಕ-ಜಾವಕ ವಿಭಾಗದ ಮರಾಠಿ ತರುಣನೊಬ್ಬ ಈ ನೋಟುಬುಕ್ಕನ್ನು ನೋಡಿ ಕುಣಿದಾಡಿಬಿಟ್ಟನು. ಅವನೂ ಇದೇ ಹುಚ್ಚಿನವನಂತೆ! ವರ್ಷಕ್ಕೊಂದೆರಡು ಸಲ ಬೇರೆ ಬೇರೆ ಊರುಗಳ ಇಂಥ ಹುಚ್ಚರು ಒಂದು ಪಾರ್ಕಿನಲ್ಲಿ ಕೂಡುತ್ತಾರಂತೆ. “ಡಿಸೆಂಬರಿನಲ್ಲಿ ಇಮ್ಯಾಜಿಕಾದಲ್ಲಿ ಸೇರುತ್ತೇವೆ, ಹುಡುಗನನ್ನು ಕಳಿಸಿರಿ ಸಾಹೇಬ, ಆದರೆ ಚಿಕ್ಕವರ ಜೊತೆಗೆ ಮನೆಯ ಹಿರಿಯರೊಬ್ಬರು ಇರಲೇಬೇಕು” ಎಂದನು. ಮಗನು ನನ್ನ ಮುಖ ನೋಡಿದನು. ಎರಡು ವರ್ಷದಲ್ಲಿ ಅವನು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಟಿಕೀಟಿನ ದರ ನನ್ನಂಥ ಗುಮಾಸ್ತನಿಗೆ ಹಗುರವೇನಲ್ಲ. ಆದರೆ ಮನೆಯಾಕೆಯೇ, “ಪಾಲಿ ಬಲ್ಲಾಳೇಶ್ವರನ ರಸ್ತಾದಾಗ ಅದ ಅಂತ. ಗಣಪತಿ ಕಡೆ ಮುಖಾ ಮಾಡಿ ಹೋಗೂದು, ಬ್ಯಾಡ ಅನಬ್ಯಾಡ್ರಿ” ಎಂದು ತೀರ್ಪು ಕೊಟ್ಟಳು.

ಹೀಗೆ ಒಂದು ಶನಿವಾರ ಬೆಳಕು ಹರಿಯುವ ಮೊದಲೇ ಅಪ್ಪ ಮಗ ಖೋಪೋಲಿ ಲೋಕಲ್ ಹಿಡಿದೆವು. ಬದಲಾಪುರ ದಾಟಿದ ಮೇಲೆ ಗಾಡಿ ಬರಿದಾಗುತ್ತದೆ. ಕಿಟಕಿಗೆ ಬೆಟ್ಟಗಳು ಬರುತ್ತವೆ. ಕರ್ಜತ್ತಿನ ಮುಂದೆ ಪುಣೆಯ ಗಾಡಿಗಳು ಘಟ್ಟ ಹತ್ತುವ ದಾರಿ ಹಿಡಿದರೆ, ನಮ್ಮದು ಕೇಳವಲಿ, ಡೋಲವಲಿ, ಲವಜಿ ಎಂಬ ಪುಟ್ಟ ನಿಲ್ದಾಣಗಳಲ್ಲಿ ನಿಲ್ಲುತ್ತ ಘಟ್ಟದ ಬುಡಕ್ಕೆ ಹೋಗಿ ಸುಮ್ಮನಾಗುತ್ತದೆ. ಅಲ್ಲಿಗೆ ಹಳಿಯೂ ಮುಗಿಯಿತು, ಊರೂ ಬಂತು.

ಖೋಪೋಲಿಯೆಂದರೆ ಹಿಂದಿನವರಿಗೆ ನೆನಪಾಗುವುದು ಟಾಟಾ ಅವರ ಜಲವಿದ್ಯುತ್ ಕೇಂದ್ರ. ಲೋಣಾವಳೆಯ ಕಡೆ ಘಟ್ಟದ ಮೇಲೆ ಕಟ್ಟಿದ ಕೆರೆಗಳ ನೀರನ್ನು ಕೊಳವೆಗಳಲ್ಲಿ ಕೆಳಕ್ಕೆ ಬಿಟ್ಟು, ಬೀಳುವ ರಭಸದಿಂದ ಚಕ್ರ ತಿರುಗಿಸಿ, 1915ರಲ್ಲಿ ಇಲ್ಲಿಂದ ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತು ಹರಿಸತೊಡಗಿದರು. ಇದನ್ನು ನಾನು ಹೇಳಿದಾಗ ಮಗನು ತಟ್ಟನೆ, “ಕೋಸ್ಟರೂ ಹಂಗs. ಎಂಜಿನ್ ಇಲ್ಲ” ಎಂದನು. ಕನ್ನಡದಲ್ಲಿಯೇ ಎಂದನು. ಸರಪಳಿಯೊಂದು ಗಾಡಿಯನ್ನು ಮೇಲಕ್ಕೆ ಎಳೆದು ಬಿಡುತ್ತದೆ. ಆ ಮೇಲೆ ಅದಕ್ಕೆ ಯಾರ ಹಂಗೂ ಇಲ್ಲ. ಏರಿದ ಎತ್ತರವೇ ವೇಗವಾಗುತ್ತದೆ, ವೇಗವು ಮುಂದಿನ ಏರಿಗೆ ಎತ್ತರವಾಗುತ್ತದೆ, ಗಾಳಿಗೂ ತಿಕ್ಕಾಟಕ್ಕೂ ಕಂದಾಯ ಕೊಡುತ್ತ ಕೊಡುತ್ತ ಕೊನೆಗೆ ನಿಲ್ಲುತ್ತದೆ. ನಾನು ಕಲಾಶಾಖೆಯ ಪದವೀಧರ. ಈ ಮಾತು ನನಗೆ ವಿಜ್ಞಾನಕ್ಕಿಂತ ಸಂಸಾರದ ಕಥೆಯಂತೆ ಕೇಳಿಸಿತು.

ಆಟೋದವನೊಡನೆ ಚೌಕಾಶಿ ಮಾಡಿ ಪಾಲಿಯ ರಸ್ತೆ ಹಿಡಿದೆವು. ಇಮ್ಯಾಜಿಕಾ 2013ರಲ್ಲಿ ತೆರೆಯಿತು. ಇದನ್ನು ಕಟ್ಟಿಸಿದ ಮನಮೋಹನ ಶೆಟ್ಟರು ನಮ್ಮ ತುಳು ಬಂಟ ಸಮಾಜದವರು. ಸಿನಿಮಾ ಫಿಲಮ್ಮು ತೊಳೆಯುವ ‘ಅಡ್‌ಲ್ಯಾಬ್ಸ್’ ಸಂಸ್ಥೆಯನ್ನು 1978ರಲ್ಲಿ ಪಾಲುಗಾರರೊಡನೆ ಆರಂಭಿಸಿ ಮೇಲೆ ಬಂದವರು. 2022ರಲ್ಲಿ ಪಾರ್ಕು ಮಾಲಪಾಣಿ ಸಮೂಹದ ಕೈಸೇರಿತು. ದೂರದಿಂದಲೇ ಬೆಟ್ಟಗಳ ಹಿನ್ನೆಲೆಯಲ್ಲಿ ನೈಟ್ರೋದ ಹಳಿಗಳು ಯಾರೋ ಸಿಟ್ಟಿನಿಂದ ತಿರುಚಿ ಎಸೆದ ತಂತಿಯಂತೆ ಕಂಡವು. ಮಗನು ಆಟೋದ ಹೊರಗೆ ಅರ್ಧ ಮೈ ಚಾಚಿದನು. ನಾನು ಅಂಗಿ ಹಿಡಿದು ಎಳೆದೆನು.

ಬಾಗಿಲ ಬಳಿ ಇಪ್ಪತ್ತು ಜನ ನೆರೆದಿದ್ದರು. ಪುಣೆಯ ಇಂಜಿನಿಯರ ತರುಣನೊಬ್ಬ, ನಾಸಿಕದ ದಂತವೈದ್ಯೆ, ಹೈದರಾಬಾದಿನ ಇಬ್ಬರು ವಿದ್ಯಾರ್ಥಿಗಳು, ಪುಣೆಯಲ್ಲಿ ನೆಲಸಿದ ಬೆಂಗಳೂರಿನ ದಂಪತಿ, ಮೊದಲು ದೆಹಲಿಯಲ್ಲಿದ್ದು ಈಗ ಮಗಳ ಮನೆಯಲ್ಲಿರುವ ಎಪ್ಪತ್ತರ ಹಿರಿಯರೊಬ್ಬರು. ಇಂಥ ಬಳಗಗಳು ಹೊರದೇಶಗಳಲ್ಲಿ ಹಳೆಯವು. ಅಮೆರಿಕದಲ್ಲಿ 1978ರಿಂದ ‘ಅಮೆರಿಕನ್ ಕೋಸ್ಟರ್ ಎಂಥೂಸಿಯಾಸ್ಟ್ಸ್’ ಎಂಬ ಸಂಘವೇ ಇದೆ. ನಮ್ಮ ಬಳಗಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ವಂತಿಗೆಯಿಲ್ಲ. ಸಂಘ ಸಂಸ್ಥೆಗಳ ಅನುಭವವುಳ್ಳ ಓದುಗರು ಈ ಮೂರನ್ನೂ ಗಮನಿಸತಕ್ಕದ್ದು.

ಪರಿಚಯದ ಪದ್ಧತಿ ವಿಚಿತ್ರವಾಗಿತ್ತು. ಹೆಸರು, ಊರು, ಆಮೇಲೆ ಒಂದು ಸಂಖ್ಯೆ. ಈವರೆಗೆ ಎಷ್ಟು ಬೇರೆ ಬೇರೆ ಕೋಸ್ಟರುಗಳನ್ನು ಹತ್ತಿದ್ದೀರಿ ಎಂಬುದೇ ಆ ಸಂಖ್ಯೆ. ಒಂದನ್ನೇ ಐವತ್ತು ಸಲ ಹತ್ತಿದರೂ ಲೆಕ್ಕಕ್ಕೆ ಒಂದೇ. ಇಂಜಿನಿಯರ ತರುಣನು “ನೂರಾ ಹನ್ನೆರಡು” ಎಂದನು. ದಂತವೈದ್ಯೆ “ನಲವತ್ತು” ಎಂದರು. ಕೋಲ್ಕತಾದ ನಿಕ್ಕೋ ಪಾರ್ಕಿನಲ್ಲಿರುವ ಮರದ ಕಟ್ಟಿನ ‘ಸೈಕ್ಲೋನ್’ ಹತ್ತುವುದಕ್ಕೆಂದೇ ರೈಲು ಹಿಡಿದು ಹೋಗಿ ಬಂದವರು ಅವರು. ಮಗನು ತಲೆ ತಗ್ಗಿಸಿ “ಒಂದು” ಎಂದನು. ಶಾಲೆಯ ಪ್ರವಾಸದಲ್ಲಿ ಇಲ್ಲಿಯ ‘ಗೋಲ್ಡ್ ರಶ್ ಎಕ್ಸ್‌ಪ್ರೆಸ್’ ಎಂಬ ಚಿಕ್ಕದನ್ನು ಹತ್ತಿದ್ದನು. ಯಾರೂ ನಗಲಿಲ್ಲ. ಎಲ್ಲರೂ ನನ್ನತ್ತ ತಿರುಗಿದರು. ನಾನು ಚೀಲದ ಜೊತೆಗೆ ಬಂದವನೆಂದು ಹೇಳುವಷ್ಟರಲ್ಲಿ ಮಗನು, “ಇವರು ನಮ್ಮಪ್ಪ” ಎಂದನು. ನನ್ನ ಬಾಯಿಂದ ಮಾತು ತಾನಾಗಿ ಬಂದಿತು: “ನನ್ನದೂ ಒಂದು. ಎಸೆಲ್‌ವರ್ಲ್ಡಿನ ಜಿಪ್ಪರ್ ಡಿಪ್ಪರ್. 1997ರಲ್ಲಿ.”

ಆ ಜನರ ಕಣ್ಣು ಅರಳಿದ್ದನ್ನು ಓದುಗರು ನೋಡಬೇಕಾಗಿತ್ತು. ಮುಂಬಯಿಯ ಗೋರಾಯಿಯಲ್ಲಿದ್ದ ಎಸೆಲ್‌ವರ್ಲ್ಡ್ 1989ರಲ್ಲಿ ತೆರೆದು 2022ರಲ್ಲಿ ಮುಚ್ಚಿತು. ಮುಚ್ಚಿದ ಪಾರ್ಕಿನ ಕೋಸ್ಟರನ್ನು ಇನ್ನು ಯಾರೂ ಎಷ್ಟು ಹಣ ಕೊಟ್ಟರೂ ಲೆಕ್ಕಕ್ಕೆ ಸೇರಿಸಿಕೊಳ್ಳುವಂತಿಲ್ಲ. ಹೈದರಾಬಾದಿನ ಹುಡುಗರು ನನ್ನ ಕೈ ಕುಲುಕಿದರು. ಹದಿಮೂರು ವರ್ಷದ ನೌಕರಿಯಲ್ಲಿ ನನಗೆ ಅಂಥ ಮರ್ಯಾದೆ ದೊರೆತಿರಲಿಲ್ಲ. “ಹೇಗಿತ್ತು, ಹೇಳಿ” ಎಂದು ಎಲ್ಲರೂ ಮುಗಿಬಿದ್ದರು. ನಾನು ಏನು ಹೇಳಲಿ? ಕೋಸ್ಟರಿನದು ಏನೂ ನೆನಪಿಲ್ಲ. ನೆನಪಿದ್ದುದು ಬೇರೆ. “ಚೆನ್ನಾಗಿತ್ತು” ಎಂದು ಹೇಳಿ ಸುಮ್ಮನಾದೆನು.

ನೈಟ್ರೋದ ಸರದಿ ಸಾಲಿನಲ್ಲಿ ನಿಂತಾಗ ಇಂಜಿನಿಯರ ತರುಣನು ನಮ್ಮ ಬುತ್ತಿಯ ಡಬ್ಬಿಯನ್ನೇ ಗಾಡಿಯನ್ನಾಗಿ ಮಾಡಿಕೊಂಡು ಪಾಠ ಹೇಳಿದನು. ಸ್ವಿಟ್ಜರ್ಲೆಂಡಿನ ಬೊಲಿಗರ್ ಮತ್ತು ಮ್ಯಾಬಿಲಾರ್ ಎಂಬ ಕಂಪನಿಯವರು ಇದನ್ನು ಮಾಡಿದ್ದು. ಎತ್ತರ ಸುಮಾರು 40 ಮೀಟರು, ಎಂದರೆ ಹದಿಮೂರು ಅಂತಸ್ತಿನ ಕಟ್ಟಡದಷ್ಟು. ವೇಗ ಗಂಟೆಗೆ ಸುಮಾರು 100 ಕಿಲೋಮೀಟರು. ಐದು ಸಲ ತಲೆಕೆಳಗು. “ಬೀಳುವುದಿಲ್ಲವೆ?” ಎಂದೆನು. ಅವನು ಡಬ್ಬಿಯನ್ನು ಸಾಲಿನ ಕಂಬಿಗೆ ಹಿಡಿದು ತೋರಿಸಿದನು: ಚಕ್ರಗಳು ಹಳಿಯ ಮೇಲೆ ಮಾತ್ರವಲ್ಲ, ಪಕ್ಕಕ್ಕೂ ಇವೆ, ಹಳಿಯ ಕೆಳಗೂ ಇವೆ, ಗಾಡಿ ಹಳಿಯನ್ನು ಮೂರು ಕಡೆಯಿಂದ ಹಿಡಿದುಕೊಂಡಿರುತ್ತದೆ. ಕೆಳಗಿನ ಚಕ್ರದ ಯುಕ್ತಿಗೆ ಅಮೆರಿಕದ ಜಾನ್ ಮಿಲ್ಲರ್ ಎಂಬಾತ 1919ರಲ್ಲಿ ಪೇಟೆಂಟು ಪಡೆದನಂತೆ. ಅದಕ್ಕೆ ಮೊದಲು, 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಥಾಂಪ್ಸನ್ ಎಂಬಾತ ನಡೆಸಿದ ಗಾಡಿ ಗಂಟೆಗೆ ಆರು ಮೈಲಿ ಓಡುತ್ತಿತ್ತು, ದರ ಐದು ಸೆಂಟು. ನಮ್ಮ ಡೊಂಬಿವಲಿಯ ರಸ್ತೆಯಲ್ಲಿ ಸಂಜೆ ಆಟೋ ಓಡುವುದೂ ಹೆಚ್ಚುಕಡಿಮೆ ಅದೇ ವೇಗದಲ್ಲಿ!

ತಲೆಕೆಳಗಿನ ಸುತ್ತು ಬಳೆಯಂತೆ ದುಂಡಗಿರದೆ ನೀರಿನ ಹನಿಯಂತೆ ಏಕಿದೆ ಎಂಬುದನ್ನೂ ಅವನು ವಿವರಿಸಿದನು. 1895ರಲ್ಲಿ ಕೋನಿ ಐಲೆಂಡಿನಲ್ಲಿ ದುಂಡು ಸುತ್ತು ಕಟ್ಟಿ, ಹತ್ತಿದವರ ಕುತ್ತಿಗೆ ನೋಯಿಸಿ ಕೈಬಿಟ್ಟರಂತೆ. 1976ರಲ್ಲಿ ಜರ್ಮನಿಯ ಶ್ಟೆಂಗೆಲ್ ಎಂಬ ಇಂಜಿನಿಯರು ಮೆಲ್ಲಗೆ ಬಿಗಿಯಾಗುತ್ತ ಹೋಗುವ ವಕ್ರರೇಖೆಯನ್ನು ಬಳಸಿ ಉಕ್ಕಿನ ಸುತ್ತನ್ನು ಸುರಕ್ಷಿತಗೊಳಿಸಿದನು. ರೈಲ್ವೆಯವರು ನೇರ ಹಳಿಯನ್ನು ತಿರುವಿಗೆ ಹೊರಳಿಸುವಾಗ ಬಳಸುವುದೂ ಅದೇ ಜಾತಿಯ ರೇಖೆ. ಆಟವೆಂದು ನಾವು ಉದಾಸೀನ ಮಾಡುವುದರ ಹಿಂದೆ ಎಷ್ಟು ಜನರ ತಲೆ ದುಡಿದಿದೆ ಎಂದು ನಾನು ಬೆರಗಾದೆನು.

ಇಷ್ಟಾದರೂ ಹತ್ತುವ ಧೈರ್ಯ ನನಗೆ ಬರಲಿಲ್ಲ. ಬಾಗಿಲ ಹತ್ತಿರ ಬಂದಾಗ ಮಗನು ಅಳತೆಯ ಕೋಲಿಗೆ ನಿಂತನು. ಕಾವಲಿನವನು ನೋಡಿದನು, ತಲೆಯಾಡಿಸಿದನು, ಬಿಟ್ಟನು. ಅಷ್ಟೆ! ಇಪ್ಪತ್ತನಾಲ್ಕು ಪೆನ್ಸಿಲ್ ಗೆರೆಗಳ ತಪಸ್ಸು ಅರ್ಧ ನಿಮಿಷದಲ್ಲಿ ಮುಗಿಯಿತು. “ಅಪ್ಪಾ, ನೀವು ಕೆಳಗs ಕೂಡ್ರಿ. ಚೀಲಾ ಹಿಡೀರಿ” ಎಂದು ಹೇಳಿ ಬಳಗದೊಡನೆ ಒಳಗೆ ಹೋದನು. ಎಲ್ಲರೂ ತಮ್ಮ ತಮ್ಮ ಚೀಲ, ಮೊಬೈಲು, ಕನ್ನಡಕಗಳನ್ನು ನನಗೆ ಒಪ್ಪಿಸಿದರು. ಏಳು ಚೀಲಗಳನ್ನು ಹೊತ್ತು ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕುಳಿತೆನು.

ಓದುಗರಿಗೆ ಈಗ ಆ ಹಳೆಯ ಸಂಗತಿಯನ್ನು ಹೇಳಬೇಕು. 1997ರಲ್ಲಿ ನನಗೆ ಎಂಟು ವರ್ಷ. ನಮ್ಮ ಅಪ್ಪ ಧಾರವಾಡದ ಹತ್ತಿರದ ಹಳ್ಳಿಯಿಂದ ಬಂದು ಇಲ್ಲಿ ಕಾರಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಪೈಜಾಮ, ನೆಹರು ಶರ್ಟು, ತಲೆಯ ಮೇಲೆ ಬಿಳಿ ಟೋಪಿ. ಮೂವತ್ತು ವರ್ಷ ಮುಂಬಯಿಯಲ್ಲಿದ್ದರೂ ಟೋಪಿ ಬಿಡಲಿಲ್ಲ. ಬೋನಸ್ ಬಂದ ವರ್ಷ ನನ್ನನ್ನೂ ಅಕ್ಕನನ್ನೂ ದೋಣಿಯಲ್ಲಿ ಖಾಡಿ ದಾಟಿಸಿ ಎಸೆಲ್‌ವರ್ಲ್ಡಿಗೆ ಕರೆದೊಯ್ದರು. ತಾವು ಒಂದು ಆಟವನ್ನೂ ಆಡಲಿಲ್ಲ. ನಮ್ಮ ಚಪ್ಪಲಿ, ನೀರಿನ ಬಾಟಲಿ, ಚಪಾತಿಯ ಡಬ್ಬಿ ಇದ್ದ ಕೈಚೀಲ ಹಿಡಿದು ಪ್ರತಿಯೊಂದು ಆಟದ ಬಾಗಿಲಲ್ಲಿ ನಿಂತಿದ್ದರು. ಜಿಪ್ಪರ್ ಡಿಪ್ಪರಿನ ಸಾಲಿನಲ್ಲಿ ನಮ್ಮ ಶಾಲೆಯ ಇಬ್ಬರು ಹುಡುಗರು ಸಿಕ್ಕರು. ಇಂಗ್ಲಿಷ್ ಬೂಟು, ಇಸ್ತ್ರಿ ಮಾಡಿದ ಪ್ಯಾಂಟು. ನನಗೆ ಕೈ ಬೀಸುತ್ತಿದ್ದ ಟೋಪಿಯವರನ್ನು ತೋರಿಸಿ, ಅವರು ಯಾರು ಎಂದು ಹಿಂದಿಯಲ್ಲಿ ಕೇಳಿದರು. ನಾನು, “ನಮ್ಮ ಊರಿನವರು ಯಾರೋ” ಎಂದೆನು.

ಅಪ್ಪನಿಗೆ ಹಿಂದಿ ತಿಳಿಯುತ್ತಿತ್ತು. ಕಂಬಿಯ ಆಚೆ ಐದಾರು ಮಾರು ದೂರದಲ್ಲಿದ್ದರು. ಕೇಳಿಸಿತೋ ಇಲ್ಲವೋ ನಾನರಿಯೆ. ಇಳಿದು ಬಂದಾಗ ಚಪ್ಪಲಿಗಳನ್ನು ಕಾಲ ಬಳಿ ಜೋಡಿಸಿಟ್ಟು, “ಹೆಂಗಾತು?” ಎಂದು ಕೇಳಿದರು. ಎಂದಿನ ಮುಖವೇ. ಅವರು ತೀರಿಕೊಂಡು ಈಗ ಒಂಬತ್ತು ವರ್ಷ. ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಕೇಳಲಿಲ್ಲ.

ಏಳು ಚೀಲಗಳ ನಡುವೆ ಕುಳಿತು ಇದನ್ನೆಲ್ಲ ನೆನೆಯುತ್ತಿರುವಾಗ ದೆಹಲಿಯ ಹಿರಿಯರು ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತರು. ಅವರೂ ಹತ್ತಿರಲಿಲ್ಲ. ಹೃದಯದ ಶಸ್ತ್ರಕ್ರಿಯೆಯಾದ ಮೇಲೆ ಡಾಕ್ಟರರು ಖಂಡಿತ ಬೇಡವೆಂದಿದ್ದಾರಂತೆ. ಆಟದ ಬಾಗಿಲಿನ ಹಲಗೆಯ ಮೇಲೂ ಹಾಗೆಯೇ ಬರೆದಿದೆ. ಅವರ ಸಂಖ್ಯೆ ಮೂವತ್ತೊಂದಕ್ಕೆ ನಿಂತುಹೋಗಿದೆ. ಆದರೂ ಯಾವ ಕೂಟವನ್ನೂ ತಪ್ಪಿಸುವುದಿಲ್ಲ. ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಟಿಕೀಟು ತೆಗೆದು ತೋರಿಸಿದರು. ದೆಹಲಿಯ ಅಪ್ಪೂ ಘರ್‌ನದು. 1982ರ ಏಷ್ಯನ್ ಕ್ರೀಡಾಕೂಟದ ಆನೆ ಅಪ್ಪೂವಿನ ಹೆಸರಿನಲ್ಲಿ 1984ರಲ್ಲಿ ಪ್ರಗತಿ ಮೈದಾನದಲ್ಲಿ ತೆರೆದ ಪಾರ್ಕು ಅದು, 2008ರಲ್ಲಿ ಮುಚ್ಚಿಹೋಯಿತು. ಮಗಳನ್ನು ಮೊದಲ ಸಲ ಕರೆದುಕೊಂಡು ಹೋದ ದಿನದ ಟಿಕೀಟಂತೆ.

“ಹತ್ತುವಂತಿಲ್ಲ ಎಂದಮೇಲೆ ಬೇಸರವಾಗುವುದಿಲ್ಲವೆ?” ಎಂದು ಕೇಳಿದೆನು. ಅವರು ಉತ್ತರ ಕೊಡದೆ ಬೆರಳೆತ್ತಿ “ಶ್ಶ್” ಎಂದರು. ಮೇಲೆ ಸರಪಳಿಯ ಸದ್ದು ಕೇಳುತ್ತಿತ್ತು. ಗಾಡಿ ಏರುತ್ತಿತ್ತು. ಈ ಗಾಡಿಗೆ ನೆಲಹಲಗೆಯಿಲ್ಲ. ಹೊರಡುವ ಮೊದಲು ಅದನ್ನು ಕೆಳಗಿನಿಂದ ಸರಿಸಿಬಿಡುತ್ತಾರೆ, ಕಾಲು ಜೋತಾಡುತ್ತವೆ. ಆ ಜೋತಾಡುವ ಕಾಲುಗಳಲ್ಲಿ ನನ್ನ ಮಗನ ನೀಲಿ ಬೂಟುಗಳನ್ನು ಹುಡುಕಿದೆನು. ಸಿಕ್ಕವು. ಗಾಡಿ ತುದಿಗೆ ಬಂದು ಒಂದು ಕ್ಷಣ ನಿಂತಂತಾಯಿತು, ಬಿದ್ದಿತು. ನನ್ನ ಹೊಟ್ಟೆಯೂ ಅದರ ಜೊತೆಗೆ ಬಿದ್ದಿತು. ಹಿರಿಯರು ಕಣ್ಣು ಮುಚ್ಚಿಕೊಂಡಿದ್ದರು. ಬಲಗೈ ನನ್ನ ಮಗನ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಹಿಡಿದಿದ್ದೇನೆಂದು ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಗಾಡಿ ಐದು ಸಲ ಹೊರಳಿ ನಿಲ್ದಾಣ ಸೇರುವವರೆಗೂ ಆ ಕೈ ಸಡಿಲಾಗಲಿಲ್ಲ. ಆಮೇಲೆ ಕಣ್ಣು ತೆರೆದು, “ನಾನೂ ಹೋಗಿ ಬಂದೆ” ಎಂದರು.

ನಾನು ಅವರ ಕೈಯನ್ನೇ ನೋಡುತ್ತಿದ್ದೆನು. ಅಪ್ಪನ ಕೈಯಲ್ಲೂ ಒಂದು ಚೀಲವಿತ್ತಲ್ಲ! ಇಪ್ಪತ್ತೆಂಟು ವರ್ಷ ನಾನು ಆ ದೃಶ್ಯದಲ್ಲಿ ಕಂಡದ್ದು ಟೋಪಿಯೊಂದನ್ನೇ. ಆ ಚೀಲವನ್ನು ಅವರು ಹೇಗೆ ಹಿಡಿದಿದ್ದರೆಂದು ಎಂದಾದರೂ ನೋಡಿದ್ದೆನೆ?

ಮಗನು ಹೊರಗೆ ಬಂದನು. ಕೂದಲು ನೆಟ್ಟಗೆ ನಿಂತಿದ್ದವು. ನೀರಿನ ಬಾಟಲಿಯ ಮುಚ್ಚಳ ತೆಗೆಯಲಾರದಷ್ಟು ಕೈ ನಡುಗುತ್ತಿತ್ತು. “ಹೆಂಗಾತು?” ಎಂದೆನು. ನನ್ನ ಬಾಯಿಂದ ಬಂದ ಮಾತು ಯಾರದೆಂದು ಆಡಿದ ಮೇಲೆ ತಿಳಿಯಿತು. ಅವನು ಹಿಂದಿಯಲ್ಲಿ ಆರಂಭಿಸಿದನು, ಅಷ್ಟರಲ್ಲಿ ಬೆಂಗಳೂರಿನ ಆ ತಾಯಿ, “ಏನಪ್ಪಾ, ಕನ್ನಡದೋನಾ ನೀನು? ಹೇಳು, ಎಲ್ಲಿ ಚೆನ್ನಾಗಿತ್ತು?” ಎಂದರು. ಅವರು 2005ರಲ್ಲಿ ಬಿಡದಿಯ ಹತ್ತಿರ ವಂಡರ್‌ಲಾ ತೆರೆದಾಗಿನಿಂದ ಈ ಗೀಳು ಹಚ್ಚಿಕೊಂಡವರು. ಅಲ್ಲಿಯ ‘ರಿಕಾಯಿಲ್’ ಮುಂದೆ ಹೋದ ಹಳಿಯ ಮೇಲೆಯೇ ಹಿಮ್ಮುಖವಾಗಿ ಮರಳುವುದನ್ನು ಬಣ್ಣಿಸಿದರು. ಮಗನು ಅವರಿಗೆ ಕನ್ನಡದಲ್ಲಿ ಉತ್ತರ ಕೊಡತೊಡಗಿದನು. ತಡವರಿಸುತ್ತ, ನಡುನಡುವೆ ಇಂಗ್ಲಿಷ್ ಸೇರಿಸುತ್ತ, ಆದರೆ ನಿಲ್ಲದೆ. ನಾನು ಏನನ್ನೂ ಆಡದೆ ಚೀಲಗಳನ್ನು ಹಂಚುತ್ತ ಕಿವಿಗೊಟ್ಟಿದ್ದೆನು.

ಒಂದು ಕಡೆ ಅವನು ತಡೆದನು. ದಿಬ್ಬದ ನೆತ್ತಿಯಲ್ಲಿ ಗಾಡಿ ಕೆಳಮುಖವಾದಾಗ ಮೈ ಸೀಟಿನಿಂದ ಮೇಲೆದ್ದು ಹೊಟ್ಟೆ ಹಗುರಾಗುತ್ತದಲ್ಲ, ಅದಕ್ಕೆ ಇವರ ಪರಿಭಾಷೆಯಲ್ಲಿ ‘ಏರ್‌ಟೈಮ್’ ಎನ್ನುತ್ತಾರೆ. “ಅಪ್ಪಾ, ಕನ್ನಡದಾಗ ಅದಕ್ಕ ಏನಂತಾರ?” ಎಂದು ಕೇಳಿದನು. ಒಳ್ಳೆಯ ಇಕ್ಕಟ್ಟು! ನನಗೆ ಪಂಚಮಿ ಹಬ್ಬ ನೆನಪಾಯಿತು. ನಮ್ಮ ಕಡೆ ನಾಗರ ಪಂಚಮಿಗೆ ಹುಣಸೆ ಮರ, ಬೇವಿನ ಮರಗಳಿಗೆ ಜೋಕಾಲಿ ಕಟ್ಟುತ್ತಾರೆ. ತವರಿಗೆ ಬಂದ ಹೆಣ್ಣುಮಕ್ಕಳು ನಿಂತು ಜೀಕುತ್ತಾರೆ. ಜೋಕಾಲಿ ತುತ್ತತುದಿಗೆ ಹೋಗಿ ಹಗ್ಗ ಸಡಿಲಾದಾಗ ಎದೆ ಝಲ್ಲೆನ್ನುತ್ತದಲ್ಲ, ಅದೇ ಇದು. “ಜೀಕು ಅನ್ನಪಾ. ಛಲೋ ಜೀಕು ಇತ್ತು ಅನ್ನು” ಎಂದೆನು. ಆ ತಾಯಿ ನಕ್ಕು, “ನಮ್ಮ ಕಡೆ ಉಯ್ಯಾಲೆ ತೂಗೋದು ಅಂತೀವಿ. ಆದ್ರೆ ಜೀಕು ಚೆನ್ನಾಗಿದೆ” ಎಂದರು. ಮಧ್ಯಾಹ್ನದ ಹೊತ್ತಿಗೆ ಹೈದರಾಬಾದಿನ ಹುಡುಗರೂ “ಜೀಕು, ಜೀಕು” ಎನ್ನತೊಡಗಿದ್ದರು.

ಊಟದ ನಂತರ ಮಗನು ನನ್ನ ಮುಂದೆ ಬಂದು ನಿಂತನು. “ಅಪ್ಪಾ, ಈ ಸರ್ತಿ ನೀವೂ ಬರ್ರಿ.” ನಾನು ಚೀಲಗಳನ್ನು ತೋರಿಸಿದೆನು. ದೆಹಲಿಯ ಹಿರಿಯರು ಒಂದೂ ಮಾತಾಡದೆ ಏಳೂ ಚೀಲಗಳನ್ನು ತಮ್ಮ ಕಡೆ ಎಳೆದುಕೊಂಡರು. ಇನ್ನು ನೆಪ ಉಳಿಯಲಿಲ್ಲ.

ಹಿಂದಿನ ಸಾಲೇ ಒಳ್ಳೆಯದೆಂದು ಬಳಗದ ಅಭಿಪ್ರಾಯ. ಮುಂದಿನ ಡಬ್ಬಿಗಳು ಇಳಿಯತೊಡಗಿದಾಗ ಅವು ಹಿಂದಿನದನ್ನು ನೆತ್ತಿಯ ಮೇಲಿಂದ ಎಳೆದು ಬಿಸಾಡುತ್ತವೆ, ಜೀಕು ಹೆಚ್ಚು. ಸಾಲಿಗೆ ನಾಲ್ಕು ಸೀಟು: ಮಗ, ನಾನು, ಬೆಂಗಳೂರಿನ ದಂಪತಿ. ಹೆಗಲ ಮೇಲೆ ದಪ್ಪ ಕಬ್ಬಿಣದ ತೋಳು ಬಂದು ಕುಳಿತಿತು. ಕಾಲ ಕೆಳಗಿನ ಹಲಗೆ ಸರಿಯಿತು. ಗಾಡಿ ಬೆನ್ನಿನ ಮೇಲೆ ಒರಗಿ ಏರತೊಡಗಿತು. ಮೇಲಿನಿಂದ ಸಹ್ಯಾದ್ರಿಯ ಸಾಲು, ಒಣಗಿದ ಹುಲ್ಲಿನ ಬೆಟ್ಟಗಳು, ಪಾಲಿಯ ರಸ್ತೆ. ಬಲ್ಲಾಳೇಶ್ವರನು ಯಾವ ದಿಕ್ಕಿಗೆ ಎಂದು ಹುಡುಕುತ್ತಿದ್ದೆನು. ಕೆಳಗೆ ಬೆಂಚಿನ ಮೇಲೆ ಬಿಳಿ ತಲೆಯೊಂದು ಕಂಡಿತು. ಟೋಪಿಯಂತೆಯೇ ಕಂಡಿತೆಂದರೆ ಓದುಗರು ನಂಬಲಿ, ಬಿಡಲಿ.

ಆಮೇಲಿನದನ್ನು ಕ್ರಮವಾಗಿ ಬಣ್ಣಿಸಲು ನನ್ನಿಂದಾಗದು. ನೆಲವು ಆಕಾಶದಲ್ಲಿತ್ತು, ಆಕಾಶವು ಕಾಲ ಕೆಳಗಿತ್ತು, ಬೆಳಿಗ್ಗೆ ಮಾಡಿದ ಕಚೇರಿಯ ಚಿಂತೆ ಎಲ್ಲಿತ್ತೋ ತಿಳಿಯದು. ಎರಡು ನಿಮಿಷವೂ ಆಗಿರಲಾರದು. ನಿಂತಾಗ ನನ್ನ ಕೈ ಮಗನ ಮಣಿಕಟ್ಟನ್ನು ಹಿಡಿದುಕೊಂಡಿತ್ತು. “ಅಪ್ಪಾ, ಪೂರಾ ದಾರಿ ನೀವು ‘ಯಪ್ಪಾ, ಯಪ್ಪಾ’ ಅಂತ ಒದರಿದ್ರಿ” ಎಂದು ಅವನು ಹೊಟ್ಟೆ ಹಿಡಿದು ನಕ್ಕನು. ಇರಬಹುದು. ನಮ್ಮ ಕಡೆಯವರು ಗಾಬರಿಯಾದಾಗ ಹಾಗೆಯೇ ಕೂಗುತ್ತೇವೆ. ಆದರೆ ನಾನು ಕೂಗಿದ್ದು ಗಾಬರಿಗೋ, ಯಾರನ್ನಾದರೂ ಕರೆದದ್ದೋ, ನನಗೇ ಸ್ಪಷ್ಟವಿಲ್ಲ.

ಮರಳುವ ಲೋಕಲ್‌ನಲ್ಲಿ ಮಗನು ನೋಟುಬುಕ್ಕು ತೆಗೆದು ಲೆಕ್ಕ ಬರೆದನು. ತನ್ನದು ಮೂರು, ಮಧ್ಯಾಹ್ನ ಕತ್ತಲಲ್ಲಿ ಓಡುವ ‘ಡೀಪ್ ಸ್ಪೇಸ್’ ಎಂಬುದನ್ನೂ ಹತ್ತಿ ಬಂದಿದ್ದನು. ನನ್ನದು ಎರಡು. ಆಮೇಲೆ ತಲೆ ಎತ್ತಿ, “ಅಜ್ಜಾರ್ದು ಎಷ್ಟು?” ಎಂದು ಕೇಳಿದನು. “ಒಂದೂ ಇಲ್ಲ. ಅವರು ನಮ್ಮ ಚೀಲಾ ಹಿಡಿದು ನಿಂತಿದ್ರು” ಎಂದೆನು. ಹಾಗೆಂದವನು ಬದಲಾಪುರ ಬರುವವರೆಗೆ ಉಳಿದದ್ದನ್ನೂ ಹೇಳಿದೆನು; ಸಾಲಿನಲ್ಲಿ ಆ ಹುಡುಗರಿಗೆ ನಾನು ಕೊಟ್ಟ ಉತ್ತರವನ್ನೂ ಬಿಡದೆ. ಅದನ್ನು ನಾನು ಮನೆಯಾಕೆಗೂ ಹೇಳಿರಲಿಲ್ಲ. ಅವನು ಏನೂ ಅನ್ನಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕುಳಿತನು. ಡೊಂಬಿವಲಿಯಲ್ಲಿ ಇಳಿಯುವಾಗ ನನ್ನ ಕೈಯಲ್ಲಿದ್ದ ಚೀಲವನ್ನು ತಾನೇ ಇಸಿದುಕೊಂಡನು.

ಮಾರನೆಯ ದಿನ ಅವನ ನೋಟುಬುಕ್ಕನ್ನು ತೆರೆದು ನೋಡಿದೆನು. ನೈಟ್ರೋದ ಪುಟದಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿತ್ತು. ನೆತ್ತಿಯ ಬಳಿ ಬಾಣ ಹಾಕಿ ಒಂದೇ ಒಂದು ಕನ್ನಡ ಪದ: “ಜಿಕು”. ದೀರ್ಘ ಬಿಟ್ಟುಹೋಗಿತ್ತು. ನಾನು ತಿದ್ದಲಿಲ್ಲ.

ಕೊನೆಗೆ ಹೋಗಬಯಸುವವರಿಗೆ ನಾಲ್ಕು ಮಾತು. ಖೋಪೋಲಿ ಲೋಕಲ್ ಸಂಖ್ಯೆ ಕಡಿಮೆ, ವೇಳಾಪತ್ರಿಕೆ ನೋಡಿಕೊಂಡು ಹೊರಡಿ. ಹೃದಯ, ಬೆನ್ನು, ಕುತ್ತಿಗೆಯ ತೊಂದರೆಯಿರುವವರು ದೊಡ್ಡ ಆಟಗಳಿಗೆ ಹೋಗಬಾರದು. ಕಾಲಿಗೆ ಪಟ್ಟಿಯಿರುವ ಚಪ್ಪಲಿ ಅಥವಾ ಬೂಟು ಇರಲಿ. ಮಕ್ಕಳ ಎತ್ತರವನ್ನು ಮನೆಯಲ್ಲಿಯೇ ಅಳೆದು ನೋಡಿ. ಬಾಗಿಲಲ್ಲಿ ನಿರಾಶೆ ಬೇಡ. ನಮ್ಮ ಸಂಘದ ಬರುವ ವರ್ಷದ ವಿಹಾರಕ್ಕೆ ಕಾರ್ಯಕಾರಿ ಸಮಿತಿಯವರು ಈ ಸ್ಥಳವನ್ನು ಪರಿಶೀಲಿಸಬೇಕೆಂದು ವಿನಂತಿ. ಎಲ್ಲರ ಚೀಲಗಳನ್ನು ಕಾಯಲು ನಾನಿದ್ದೇನೆ. ಆದರೆ ಒಂದು ಸರದಿ ನನಗೂ ಬಿಡಬೇಕು, ಹಿಂದಿನ ಸಾಲಿನಲ್ಲಿ.